ಏಲಕ್ಕಿ ಹೋದ ಊರಿಗೆ ನಾವೂ ಹೋಗಿ ಬಂದೆವು

ಕೊಡಗಿನಲ್ಲಿ ಏಲಕ್ಕಿ ಬೆಳೆದವರ ಮನೆಗಳಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾ ಅನ್ನುವ ದೇಶದ ಹೆಸರು ಕೇಳದವರು ಕಡಿಮೆ. ರೇಟು ಬಿದ್ದಾಗಲೆಲ್ಲ ಕೇಳಿಬರುವ ಹೆಸರು ಅದು. ಇಲ್ಲಿ ಕಟ್ಟೆ ರೋಗಕ್ಕೆ ಸಿಕ್ಕಿ ಏಲಕ್ಕಿ ಮಲೆಗಳು ಸೊರಗಿದವು, ಎಷ್ಟೋ ಕಡೆ ಕಾಫಿ ಬಂತು. ಅಲ್ಲಿ, 20ನೇ ಶತಮಾನದ ಶುರುವಿನಲ್ಲಿ ಜರ್ಮನ್ ಪ್ಲಾಂಟರ್ ಒಬ್ಬರು ತರಿಸಿ ನೆಟ್ಟ ಗಿಡ ಹಬ್ಬಿ ಹಬ್ಬಿ, ಈಗ ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವ ದೇಶ ಅದೇ. ಈ ಸಲ ಕಾಫಿ ಕೊಯ್ಲು ಮುಗಿಸಿ, ಕಾಫಿ ಗಿಡ ಅರಳಿಸುವ ಹೂ ಮಳೆಗೆ ಕಾಯುವ ಬಿಡುವಿನಲ್ಲಿ, ನಾವಿಬ್ಬರು, ಮಕ್ಕಳು, ಅತ್ತೆ ಎಲ್ಲ ಸೇರಿ ಹೊರಟೆವು. ಮಕ್ಕಳಿಗೆ ಅಲ್ಲಿನ ಹಳೆಯ ಮಾಯಾ ಜನ ಕಟ್ಟಿದ ಪಿರಮಿಡ್ ಬೇಕಿತ್ತು, ಅತ್ತೆಗೆ ಏಲಕ್ಕಿ ನೋಡಬೇಕಿತ್ತು.

ಆಲ್ಟಾ ವೆರಾಪಾಸ್ ಬೆಟ್ಟಗಳಲ್ಲಿ ಅತ್ತೆಯ ಆಸೆ ಮೊದಲು ತೀರಿತು. ಮಂಜು, ಮರದ ನೆರಳು, ಕೆಳಗೆ ಏಲಕ್ಕಿ. ಕೆಲಸ ಮಾಡುತ್ತಿದ್ದವರು ಕೆಕ್ಚಿ ಮಾತಾಡುವ ಮಾಯಾ ಜನ. ಮಾಯಾ ಜನ ಅಳಿದುಹೋದರು ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಪೆಟೆನ್ ಕಾಡಿನ ದೊಡ್ಡ ಪಟ್ಟಣಗಳು 9, 10ನೇ ಶತಮಾನದ ಹೊತ್ತಿಗೆ ಬರಿದಾದವು, ಅಷ್ಟೇ. ಜನ ಲಕ್ಷಗಟ್ಟಲೆ ಇದ್ದಾರೆ, ಗ್ವಾಟೆಮಾಲಾ ಒಂದರಲ್ಲೇ 20ಕ್ಕೂ ಹೆಚ್ಚು ಮಾಯಾ ಭಾಷೆಗಳು ಇವತ್ತಿಗೂ ಮನೆಮಾತು. ಅತ್ತೆಗೂ ಅಲ್ಲಿನ ಒಬ್ಬ ಅಜ್ಜಿಗೂ ಒಂದು ಪದವೂ ಹೊಂದಲಿಲ್ಲ, ಆದರೆ ಇಬ್ಬರೂ ಏಲಕ್ಕಿ ಕಾಯಿ ಬಿಡಿಸಿ, ಮೂಸಿ, ತಲೆಯಾಡಿಸುತ್ತಾ ತುಂಬಾ ಹೊತ್ತು ಕೂತಿದ್ದರು.

ಆಮೇಲೆ ಟಿಕಾಲ್, ಪೆಟೆನ್ ಕಾಡಿನಲ್ಲಿ ಬರಿದಾದ ಮಾಯಾ ಪಟ್ಟಣಗಳಲ್ಲಿ ಒಂದು. ಫ್ಲೋರೆಸ್ ಎಂಬ ದ್ವೀಪದ ಊರಲ್ಲಿ ಉಳಿದು, ಕತ್ತಲಿರುವಾಗಲೇ ಹೊರಟೆವು. ಇಲ್ಲಿ ಗುಡಿ ನೋಡುವ ಮೊದಲು ಕಾಡು ಕೇಳಿಸುತ್ತದೆ. ಹೌಲರ್ ಕೋತಿ ಕೂಗಿದಾಗ ಚಿಕ್ಕವಳು ಹುಲಿ ಅಂತ ಅಪ್ಪನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟು ಸಣ್ಣ ಪ್ರಾಣಿಯ ಗಂಟಲಲ್ಲಿ ಅಂಥ ಗರ್ಜನೆ! ನಮ್ಮ ಮಂಗಟ್ಟೆಯ ಹಾಗೇ ದೊಡ್ಡ ಕೊಕ್ಕಿನ ಟೂಕನ್ ಹಕ್ಕಿಗಳೂ ಸಿಕ್ಕವು, ಆದರೆ ಇವು ಮಂಗಟ್ಟೆಯ ನೆಂಟರಲ್ಲ, ಮರಕುಟಿಗದ ಕಡೆಯವು. ಮಕ್ಕಳು ಜಾಸ್ತಿ ಹೊತ್ತು ನಿಂತಿದ್ದು ಇರುವೆಗಳ ಹತ್ತಿರ. ಎಲೆ ಕತ್ತರಿಸಿ ಸಾಲಾಗಿ ಹೊತ್ತೊಯ್ಯುತ್ತವೆ. ಆ ಎಲೆಯನ್ನು ಅವು ತಿನ್ನುವುದಿಲ್ಲ, ಗೂಡಿನೊಳಗೆ ಅದರ ಮೇಲೆ ಬೂಸ್ಟು ಬೆಳೆಸಿ ಅದನ್ನು ತಿನ್ನುತ್ತವೆ. ಕೃಷಿಕರೇ ಅಲ್ವಾ!

ಇಲ್ಲಿನ ಪಿರಮಿಡ್‌ಗಳೇ ಗುಡಿಗಳು. ಒಂದನೇ ಗುಡಿ ಸುಮಾರು 47 ಮೀಟರ್ ಎತ್ತರ, ಹಸಾವ್ ಚಾನ್ ಕವೀಲ್ ಎಂಬ ರಾಜನ ಸಮಾಧಿ ಅದರಡಿಯಲ್ಲಿತ್ತು. ಹತ್ತಲು ಬಿಡುವುದಿಲ್ಲ. ನಾಲ್ಕನೆಯದು ಇನ್ನೂ ಎತ್ತರ, 60 ಮೀಟರ್ ದಾಟುತ್ತದೆ, ಪಕ್ಕದಲ್ಲಿ ಮರದ ಮೆಟ್ಟಿಲು ಹಾಕಿದ್ದಾರೆ. ಮೇಲೆ ನಿಂತರೆ ಕಣ್ಣು ಹಾಯುವಷ್ಟು ದೂರ ಹಸಿರು, ನಡುನಡುವೆ ಬೇರೆ ಗುಡಿಗಳ ಕಲ್ಲಿನ ತುದಿ. ಆ ಹಸಿರಿನ ಕೆಳಗೆ ಇನ್ನೂ ಎಷ್ಟೋ ಇದೆ. ವಿಮಾನದಿಂದ ಲೇಸರ್ ಕಿರಣ ಬಿಟ್ಟು ನೆಲ ಅಳೆದಾಗ ಪೆಟೆನ್‌ನಲ್ಲಿ 60,000ಕ್ಕೂ ಹೆಚ್ಚು ಕಟ್ಟಡಗಳ ಗುರುತು ಸಿಕ್ಕಿತು ಅಂತ 2018ರಲ್ಲಿ ಸುದ್ದಿಯಾಯಿತು.

ನನಗೆ ಇವೆಲ್ಲಕ್ಕಿಂತ ಮನಸ್ಸಿಗೆ ನಾಟಿದ್ದು ಎರಡು ವಿಷಯ. ಟಿಕಾಲ್ ಪಕ್ಕದಲ್ಲಿ ಹೊಳೆ ಇಲ್ಲ. ಸುಣ್ಣಕಲ್ಲಿನ ನೆಲ, ನೀರು ಇಂಗಿಹೋಗುತ್ತದೆ. ಆಗಿನ ಮಾಯಾ ಜನ ಅಂಗಳಗಳಿಗೆ ಗಾರೆ ಹಾಕಿ, ಇಳಿಜಾರು ಕೊಟ್ಟು, ಬಿದ್ದ ಮಳೆಯನ್ನು ಕೆರೆಗಳಿಗೆ ಹರಿಸಿದರು. ಒಂದು ಕೆರೆಯ ನೀರು ಸೋಸಲು ಜಿಯೋಲೈಟ್ ಎಂಬ ಖನಿಜವನ್ನೂ ಬಳಸಿದ್ದರು. ಮಳೆಗಾಲದಲ್ಲಿ ಮುಳುಗಿ, ಏಪ್ರಿಲ್‌ನಲ್ಲಿ ತೋಟದ ಕೆರೆ ಒಣಗುವುದನ್ನು ನೋಡುವ ನಾವು ಇದನ್ನು ಗಮನಿಸಲೇಬೇಕು. ಇನ್ನೊಂದು, ಗುಡಿ ಬಾಗಿಲಿನ ಮೇಲಿನ ಮರದ ತೊಲೆಗಳು. ಸಪೋಟ ಮರದವು. 1200 ವರ್ಷ ಕಳೆದರೂ ಕೆತ್ತನೆ ಉಳಿದಿದೆ! "ಅಜ್ಜಿ, ನಮ್ಮ ಹಿತ್ತಲಿನ ಸಪೋಟನಾ?" ಅಂತ ದೊಡ್ಡವನು ಕೇಳಿದ. ಅದೇ. ಸಪೋಟ, ನಾವು ರಸ್ತೆ ಬದಿಯಲ್ಲಿ ಮಾರುವ ಬಟರ್ ಫ್ರೂಟ್, ಸೀಮೆಬದನೆ ಎಲ್ಲದರ ತವರು ಅದೇ ಸೀಮೆ.

ಕೊನೆಗೆ ಬಿಸಿನೀರಿನ ಬುಗ್ಗೆ ನೋಡಲು ಎಲ್ ಎಸ್ತೋರ್ ಎಂಬ ಊರಿನ ಹತ್ತಿರ ಹೋದೆವು, ಇಸಬಾಲ್ ಸರೋವರದ ಪಕ್ಕ. ಪುತ್ತೂರು ಕಡೆಯ ಬೆಂದ್ರ್ ತೀರ್ಥದ ಹಾಗೆ ಕೊಳ ಇರಬಹುದು ಅಂತ ಅತ್ತೆ ಅಂದುಕೊಂಡಿದ್ದರು. ಇಲ್ಲಿರುವುದು ಜಲಪಾತ. ಬಿಸಿನೀರಿನ ತೊರೆ ಬಂಡೆಯ ಮೇಲಿಂದ ತಣ್ಣನೆಯ ಹೊಳೆಗೆ ಬೀಳುತ್ತದೆ. ಬೆನ್ನಿಗೆ ಬಿಸಿ, ಕಾಲಿಗೆ ತಂಪು. ಆ ಭಾಗದಲ್ಲಿ ಭೂಮಿಯ ಎರಡು ಫಲಕಗಳು ಉಜ್ಜುತ್ತಾ ಸರಿಯುತ್ತವೆ, ಆಳದ ಬಿರುಕುಗಳಲ್ಲಿ ಕಾದ ನೀರು ಮೇಲೆ ಬರುತ್ತದೆ. ಮಂಡಿನೋವಿನ ಅತ್ತೆ ನೀರಿನಿಂದ ಎದ್ದು ಬರಲು ಒಪ್ಪಲೇ ಇಲ್ಲ.

ಹೋಗುವವರಿಗೆ ಒಂದು ಮಾತು. ಟಿಕಾಲ್ ಮಾತ್ರ ನೋಡಿ ಓಡಿ ಬರಬೇಡಿ, ಏಲಕ್ಕಿ ಬೆಟ್ಟಗಳಿಗೂ ಸಮಯ ಇಟ್ಟುಕೊಳ್ಳಿ. ಬಿಸಿನೀರಿನ ಹತ್ತಿರ ಬಂಡೆ ಜಾರುತ್ತದೆ, ಹಿರಿಯರಿದ್ದರೆ ಹಿಡಿತ ಇರುವ ಚಪ್ಪಲಿ ಬೇಕೇ ಬೇಕು.