ದೊಡ್ಡವ್ವನ ಮಂಚದ ಪಕ್ಕದ ನೀರಿನ ಲೋಟ

ಮೈಸೂರು
ಭಾನುವಾರ, 9 ನವೆಂಬರ್ 2025, ರಾತ್ರಿ

ಇವತ್ತು ಮೊದಲೇ ಫೋನ್ ಮಾಡದೆ ದೊಡ್ಡವ್ವನನ್ನು ನೋಡಲು ಹೋದೆ. ಎಂದಿನಂತೆ ಬೆಳಗ್ಗೆ ಹನ್ನೊಂದಕ್ಕಲ್ಲ, ಸಂಜೆ ನಾಲ್ಕಕ್ಕೆ. ಜೊತೆಗೆ ನಮ್ಮ ಬೀದಿಯ ಸಿಸ್ಟರ್ ಬಂದಿದ್ದರು. ಸರ್ಕಾರಿ ಆಸ್ಪತ್ರೆಯಲ್ಲಿ 34 ವರ್ಷ ದುಡಿದು ನಿವೃತ್ತರಾದವರು, ಬೀದಿಗೆಲ್ಲ ಅವರು ಸಿಸ್ಟರ್ರೇ. "ಹನ್ನೊಂದಕ್ಕೆ ಹೋದ್ರೆ ಸ್ನಾನ ಮಾಡ್ಸಿ, ತಲೆ ಬಾಚಿ, ಪೌಡರ್ ಹಾಕಿ ಕೂರ್ಸಿರ್ತಾರೆ. ಮಧ್ಯಾಹ್ನದ ಕೆಲ್ಸ ಮುಗ್ಸಿ ಎಲ್ರೂ ಸುಸ್ತಾಗಿರ್ತಾರಲ್ಲ, ಆ ಹೊತ್ಗೆ ಹೋಗೋಣ" ಅಂದಿದ್ದರು.

ದೊಡ್ಡವ್ವನಿಗೆ ಈಗ 81. ಪಾಂಡವಪುರ ತಾಲ್ಲೂಕಿನ ನಮ್ಮೂರಲ್ಲಿ ಒಬ್ಬಳೇ ಇದ್ದಳು, ಮಕ್ಕಳಿಲ್ಲ. ನಮ್ಮವ್ವ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ಆಮೇಲೆ ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನನ್ನನ್ನು ಸಾಕಿದ್ದು ಅವಳೇ. ಜುಲೈನಲ್ಲಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದಮೇಲೆ ಆರು ವಾರ ನಮ್ಮ ಮನೆಯಲ್ಲಿದ್ದಳು. ಮನೆ ಎರಡನೇ ಮಹಡಿ, ನಾವಿಬ್ಬರೂ ಬೆಳಗ್ಗೆ ಎಂಟೂವರೆಗೆ ಹೊರಟರೆ ಬರುವುದು ಸಂಜೆಗೆ. ಬೇರೆ ದಾರಿ ಕಾಣದೆ ಸೆಪ್ಟೆಂಬರ್ 20ರಂದು ರಿಂಗ್ ರೋಡಿನ ಆಚೆಗಿರುವ ಈ ಜಾಗಕ್ಕೆ ಸೇರಿಸಿದೆ.

ಮೈಸೂರಲ್ಲಿ ನರ್ಸಿಂಗ್ ಹೋಂ ಅಂದರೆ ಹೆರಿಗೆಗೋ ಹರ್ನಿಯಾಗೋ ಹೋಗಿ ನಾಲ್ಕು ದಿನ ಇದ್ದು ಬರುವ ಸಣ್ಣ ಆಸ್ಪತ್ರೆ. ವೃದ್ಧಾಶ್ರಮ ಅಂದರೆ ಯಾರೂ ಇಲ್ಲದವರಿಗೆ ಅನ್ನ ಹಾಕುವ ಜಾಗ ಅಂತಲೇ ಜನರ ಮನಸ್ಸಲ್ಲಿದೆ. ಇದು ಎರಡೂ ಅಲ್ಲ. ಏಳಲಾಗದ ಹಿರಿಯರನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ನೋಡಿಕೊಳ್ಳುವ ಮನೆ. ಇಂಥದ್ದನ್ನು ಹೇಗೆ ಪರೀಕ್ಷಿಸಿ ನೋಡಬೇಕು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೇರಿಸುವ ಮುಂಚೆ ಮೂರು ಕಡೆ ನೋಡಿದ್ದೆ. ಲಿಫ್ಟ್ ಇದೆಯಾ, ಸಿಸಿ ಕ್ಯಾಮೆರಾ ಇದೆಯಾ, ಆಕ್ಸಿಜನ್ ಸಿಲಿಂಡರ್ ಇದೆಯಾ, ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯಾ. ಇಲ್ಲಿ ಎಲ್ಲವೂ ಇತ್ತು. ಅಂಗಳದಲ್ಲಿ ತುಳಸಿಕಟ್ಟೆಯೂ ಇತ್ತು, ಅದನ್ನು ನೋಡಿ ನನ್ನ ಮನಸ್ಸು ಅರ್ಧ ಒಪ್ಪಿಬಿಟ್ಟಿತ್ತು.

ಆರೈಕೆಯ ಗುಣಮಟ್ಟವನ್ನು ಅಳೆಯುವುದು ಹೇಗೆ ಅಂತ ಅವೆಡಿಸ್ ಡೊನಾಬೇಡಿಯನ್ ಎಂಬ ವೈದ್ಯರು 1966ರಲ್ಲೇ ಬರೆದಿದ್ದಾರೆ. ಮೂರನ್ನು ನೋಡಬೇಕು ಅಂದರು ಅವರು: ಅಲ್ಲಿ ಏನೇನಿದೆ, ಅಲ್ಲಿಯವರು ಏನು ಮಾಡುತ್ತಾರೆ, ಅದರಿಂದ ರೋಗಿಗೆ ಏನಾಯಿತು. ಹೋಗುವ ದಾರಿಯಲ್ಲಿ ಸಿಸ್ಟರ್ ಇದನ್ನು ಹೇಳಿದಾಗ, ನಾನು ಸೆಪ್ಟೆಂಬರಿನಲ್ಲಿ ನೋಡಿದ್ದು ಮೊದಲನೆಯದನ್ನು ಮಾತ್ರ ಅಂತ ತಿಳಿಯಿತು.

ನಾವು ಒಳಗೆ ಹೋದಾಗ ದೊಡ್ಡವ್ವ ಅಂಗಾತ ಮಲಗಿದ್ದಳು. ನನ್ನ ಮುಖ ಕಂಡಿದ್ದೇ ಎದ್ದು ಕೂರಲು ನೋಡಿದಳು, ಆಗಲಿಲ್ಲ. ಚೆನ್ನಾಗಿದ್ದೀಯಾ ಅಂದೆ. "ಚೆನ್ನಾಗಿವ್ನಿ ಕಣ್ ಮಗಾ. ಈ ಹೈಕ್ಳು ಪಾಪ ಬಲು ಒಳ್ಳೇವು." ಏಳು ವಾರದಿಂದ ಪ್ರತಿ ಭಾನುವಾರವೂ ಇದೇ ಉತ್ತರ. ಅದನ್ನು ಕೇಳಿ ನೆಮ್ಮದಿಯಿಂದ ಮನೆಗೆ ಬರುತ್ತಿದ್ದೆ.

ಸಿಸ್ಟರ್ ಅವಳನ್ನು ಏನೂ ಕೇಳಲಿಲ್ಲ. ಸುಮ್ಮನೆ ಮಂಚದ ಸುತ್ತ ಕಣ್ಣಾಡಿಸಿದರು. ನೀರಿನ ಲೋಟ ಕಿಟಕಿಯ ಕಟ್ಟೆಯ ಮೇಲಿತ್ತು. ದೊಡ್ಡವ್ವ ಮಲಗಿದ್ದಲ್ಲಿಂದ ಕೈ ಚಾಚಿದರೂ ಒಂದು ಮೊಳ ದೂರ. ಲೋಟದ ತುಂಬ ನೀರು, ಮೇಲೆ ಒಂದು ಸೊಳ್ಳೆ ತೇಲುತ್ತಿತ್ತು. ಬೆಳಗ್ಗೆ ತುಂಬಿಸಿಟ್ಟಿದ್ದಿರಬೇಕು. ಕರೆಗಂಟೆಯ ಸ್ವಿಚ್ಚು ತಲೆಯ ಹಿಂದಿನ ಗೋಡೆಯಲ್ಲಿ. "ನೀರು ಯಾಕವ್ವಾ ಕುಡ್ದಿಲ್ಲ?" ಅಂತ ಸಿಸ್ಟರ್ ಮೆಲ್ಲಗೆ ಕೇಳಿದರು. ದೊಡ್ಡವ್ವ ನನ್ನ ಕಡೆ ನೋಡಲಿಲ್ಲ, ಸಿಸ್ಟರಿಗೇ ಹೇಳಿದಳು: "ಕುಡುದ್ರೆ ಎದ್ದೋಗ್ಬೇಕಲ್ಲವ್ವಾ. ಆ ಹೆಣ್ಣೈಕ್ಳು ಎಷ್ಟೂಂತ ಎತ್ತಾರು? ಅದ್ಕೇ ವಸಿ ಕಮ್ಮಿ ಕುಡೀತೀನಿ."

ಆ ಮಾತಿನಿಂದ ಒಂದೊಂದಾಗಿ ಎಲ್ಲ ಹೊರಗೆ ಬಂತು. ನಮ್ಮ ಮನೆಯಲ್ಲಿದ್ದಾಗ ವಾಕರ್ ಹಿಡಿದು ಬಾತ್‌ರೂಮಿಗೆ ತಾನೇ ಹೋಗುತ್ತಿದ್ದವಳಿಗೆ ಇಲ್ಲಿ ಎರಡನೇ ವಾರದಿಂದ ಡೈಪರ್ ಹಾಕಿದ್ದಾರೆ. ಕರೆದಾಗ ಬರಲು ಆಯಾಗಳಿಗೆ ಪುರಸೊತ್ತಿಲ್ಲ, ಒಬ್ಬಳೇ ಎದ್ದು ಬಿದ್ದರೆ ಅಂತ ಭಯ. ಡೈಪರ್ ಹಾಕಿದ ಮೇಲೆ ಏಳುವ ಪ್ರಮೇಯವೇ ಇಲ್ಲ. ಏಳದೆ ಏಳದೆ ಕಾಲಿನ ಶಕ್ತಿ ಹೋಯಿತು. ವಾಕರ್ ಮೂಲೆಯಲ್ಲಿ ನಿಂತಿತ್ತು, ಅದರ ಹಿಡಿಗೆ ಟವೆಲ್ ಒಣಹಾಕಿದ್ದರು.

ಬಳೆ ಮೊಣಕೈವರೆಗೆ ಜಾರುತ್ತಿದ್ದದ್ದನ್ನು ನಾನೇ ಗಮನಿಸಿದೆ. ಫೈಲಿನಲ್ಲಿ ತೂಕದ ಕಾಲಂ ಖಾಲಿ. ಇಬ್ಬರೂ ಹಿಡಿದುಕೊಂಡು ಅಲ್ಲಿಯ ಮೆಷಿನ್ ಮೇಲೇ ನಿಲ್ಲಿಸಿದೆವು: 43 ಕಿಲೋ. ಸೇರಿಸುವಾಗ 46 ಇತ್ತು. ಒಂದು ತಿಂಗಳಲ್ಲಿ ನೂರಕ್ಕೆ ಐದು, ಆರು ತಿಂಗಳಲ್ಲಿ ನೂರಕ್ಕೆ ಹತ್ತರಷ್ಟು ತೂಕ ಇಳಿದರೆ ಕಾರಣ ಹುಡುಕಲೇಬೇಕಂತೆ. ಇಲ್ಲಿ ಏಳು ವಾರಕ್ಕೇ ನೂರಕ್ಕೆ ಆರೂವರೆ. ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ರಾತ್ರಿಗೆ ಎಲ್ಲರಿಗೂ ಚಪಾತಿ. ದೊಡ್ಡವ್ವನ ಬಾಯಲ್ಲಿ ಇರುವುದು ಮೂರು ಹಲ್ಲು. ಜೀವಮಾನವೆಲ್ಲ ಮುದ್ದೆ ನುಂಗಿದವಳು, ಬಸ್ಸಾರಿಗೋ ಉಪ್ಸಾರಿಗೋ ಅದ್ದಿ ನುಂಗಿದರೆ ಹಲ್ಲಿನ ಹಂಗೇ ಇಲ್ಲ. ಮಂಡ್ಯ ಸೀಮೆಯ ಮುದುಕಿಗೆ ಏನು ಉಣ್ಣುತ್ತೀಯವ್ವಾ ಅಂತ ಒಂದು ಸಲ ಕೇಳಿದ್ದರೂ ಸಾಕಿತ್ತು. ಸೇರಿಸುವಾಗ ನಾನಾದರೂ ಅದನ್ನು ಬರೆದುಕೊಡಬೇಕಿತ್ತು.

ಆಮೇಲೆ ಸಿಸ್ಟರ್ ಕಾಲ ಬಳಿ ಬಂದು ಹೊದಿಕೆ ಸರಿಸಿದರು. ಆಪರೇಷನ್ ಆದ ಬಲಗಾಲಿನ ಹಿಮ್ಮಡಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲ ಕೆಂಪಗಾಗಿತ್ತು. ನನ್ನ ಅಂಗೈ ಹಿಡಿದು ಬೆರಳಿಂದ ಒತ್ತಿ ಬಿಟ್ಟರು. ಒತ್ತಿದ ಜಾಗ ಬೆಳ್ಳಗಾಗಿ ಮತ್ತೆ ಬಣ್ಣ ಬಂತು. ಆಮೇಲೆ ದೊಡ್ಡವ್ವನ ಹಿಮ್ಮಡಿಯನ್ನು ಹಾಗೇ ಒತ್ತಿ ಬಿಟ್ಟರು. ಅದು ಬೆಳ್ಳಗಾಗಲೇ ಇಲ್ಲ, ಕೆಂಪು ಕೆಂಪಾಗೇ ಉಳಿಯಿತು. ಹಾಸಿಗೆ ಹುಣ್ಣಿನ ಮೊದಲ ಹಂತ ಇದೇ, ಚರ್ಮ ಇನ್ನೂ ಒಡೆದಿಲ್ಲ, ಈಗ ಎಚ್ಚೆತ್ತರೆ ವಾಸಿಯಾಗುತ್ತದೆ ಅಂದರು. ಮೈಬಣ್ಣ ಕಪ್ಪಿರುವವರಲ್ಲಿ ಕೆಂಪು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ಮುಟ್ಟಿ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ನೋಡಬೇಕಂತೆ. ಹಿಮ್ಮಡಿಯ ಅಡಿಗೆ ಗ್ಲೌಸಿನಲ್ಲಿ ನೀರು ತುಂಬಿ ಇಟ್ಟಿದ್ದರು. ಅದನ್ನು ತೆಗೆದು ಪಕ್ಕಕ್ಕಿಟ್ಟು, ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟು ಹಿಮ್ಮಡಿ ಯಾವುದಕ್ಕೂ ತಾಗದಂತೆ ಮಾಡಿದರು. ಕೆಂಪಾದ ಜಾಗಕ್ಕೆ ಆಯಾ ದಿನಾ ಕೊಬ್ಬರಿ ಎಣ್ಣೆ ಹಾಕಿ ಚೆನ್ನಾಗಿ ಉಜ್ಜುತ್ತಿದ್ದಳಂತೆ. ಪ್ರೀತಿಯಿಂದಲೇ ಮಾಡುತ್ತಿದ್ದಳು, ಆದರೆ ಅಲ್ಲಿ ಉಜ್ಜಲೇಬಾರದು, ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ.

ಮಂಚದ ಕಾಲ ಬಳಿ ಕ್ಲಿಪ್ಪಿಗೆ ಸಿಕ್ಕಿಸಿದ ಒಂದು ಚಾರ್ಟ್ ಇತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದನ್ನು ಗುರುತು ಹಾಕುವುದಕ್ಕೆ. ಬೆಳಗ್ಗೆ ಆರರಿಂದ ಎಲ್ಲ ಮನೆಗಳೂ ತುಂಬಿದ್ದವು: ಎಡ, ಅಂಗಾತ, ಬಲ, ಎಡ. ಒಂದೇ ಕೈಬರಹ, ಒಂದೇ ನೀಲಿ ಪೆನ್ನು. ಸಂಜೆ ಆರರ ಮನೆಯಲ್ಲೂ 'ಎಡ' ಅಂತ ಬರೆದು ಸಹಿ ಹಾಕಿತ್ತು. ನಾನು ಗಡಿಯಾರ ನೋಡಿಕೊಂಡೆ. ನಾಲ್ಕೂ ಇಪ್ಪತ್ತು.

ಕೋಪ ಬಂತು. ಆ ಆಯಾಳನ್ನೇ ಕರೆದು ಕೇಳಿದೆ. ಎಚ್.ಡಿ. ಕೋಟೆ ಕಡೆಯ ಹುಡುಗಿ, ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬಹುದು. ಮೊದಲು ಸುಮ್ಮನಿದ್ದಳು, ಆಮೇಲೆ ಅತ್ತಳು. "ಅಕ್ಕಾ, ಈ ಮಹಡೀಲಿ 13 ಜನ ಇದಾರೆ. ಹಗಲು ಇಬ್ರು, ರಾತ್ರಿ ಒಬ್ಳೇ. ಖಾಲಿ ಇದ್ರೆ ಬಯ್ತಾರೆ, ಅದ್ಕೇ ಒಟ್ಗೇ ಬರೆದ್ಬಿಡ್ತೀನಿ." ಎರಡು ಗಂಟೆಯೊಳಗೆ 13 ಜನರನ್ನು ತಿರುಗಿಸಿ, ಒರೆಸಿ, ಡೈಪರ್ ಬದಲಿಸಿ, ಮತ್ತೆ ಮೊದಲನೆಯವರ ಬಳಿ ಬರಬೇಕು, ಅದೂ ಒಬ್ಬಳೇ. ಲೆಕ್ಕ ಹಾಕಿದರೆ ಒಬ್ಬೊಬ್ಬರಿಗೆ ಒಂಬತ್ತು ನಿಮಿಷ. ಯಾರೂ ಉಚ್ಚೆಗೆ ಕರೆಯಬಾರದು, ಯಾರಿಗೂ ವಾಂತಿಯಾಗಬಾರದು. ರಾತ್ರಿ ಎಷ್ಟು ಜನ ಇರ್ತಾರೆ ಅನ್ನುವ ಒಂದು ಪ್ರಶ್ನೆಯನ್ನು ಸೆಪ್ಟೆಂಬರಿನಲ್ಲಿ ನಾನು ಯಾರಲ್ಲೂ ಕೇಳಲಿಲ್ಲ.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ಮಾತ್ರೆಗಳನ್ನು ಸಿಸ್ಟರ್ ಡಿಸ್ಚಾರ್ಜ್ ಚೀಟಿಯ ಜೊತೆ ತಾಳೆ ನೋಡಿದರು, ಎಲ್ಲ ಸರಿಯಿತ್ತು, ನಿದ್ದೆ ಮಾತ್ರೆ ಸೇರಿಸಿರಲಿಲ್ಲ. ಹಾಸಿಗೆ ಒದ್ದೆಯಿರಲಿಲ್ಲ. ಉಗುರು ಕತ್ತರಿಸಿದ್ದರು.

ಅಮೆರಿಕದಲ್ಲಿರುವ ನನ್ನ ತಮ್ಮ ಫೋನಿನಲ್ಲಿ ಹೇಳುತ್ತಿದ್ದ, ಅಲ್ಲಿ ಇಂಥ ಮನೆಗಳಿಗೆ 2008ರ ಡಿಸೆಂಬರಿನಿಂದ ಸರ್ಕಾರವೇ ಒಂದರಿಂದ ಐದು ನಕ್ಷತ್ರ ಕೊಡುತ್ತದಂತೆ. ಹೇಳದೆ ಬರುವ ತಪಾಸಣೆಯಲ್ಲಿ ಕಂಡದ್ದು, ಸಿಬ್ಬಂದಿಯ ಸಂಖ್ಯೆ, ಹಾಸಿಗೆ ಹುಣ್ಣಿನಂಥ ಲೆಕ್ಕ, ಎಲ್ಲ ಸೇರಿಸಿ. ನಾನು ನೋಡಿದ ಮೂರು ಕಡೆ ಬಾಗಿಲಲ್ಲಿ ಇದ್ದದ್ದು ಊಟದ ವೇಳೆಯ ಪಟ್ಟಿ ಮಾತ್ರ. ನಮ್ಮಲ್ಲಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ. ದೊಡ್ಡವ್ವನಂತೆ ಮಕ್ಕಳಿಲ್ಲದವರೂ ತಮ್ಮ ಆಸ್ತಿ ಸೇರುವ ಸಂಬಂಧಿಕರಿಂದ ಜೀವನಾಂಶ ಕೇಳಬಹುದು ಅಂತ ಅದರಲ್ಲಿದೆ. ಹಿರಿಯರ ಸಹಾಯವಾಣಿ 14567 ಇದೆ, ನಂಬರನ್ನು ಇವತ್ತು ಫೋನಿನಲ್ಲಿ ಸೇವ್ ಮಾಡಿಕೊಂಡೆ. ಆದರೆ ಹಿಮ್ಮಡಿಯ ಕೆಂಪನ್ನು ನೋಡಲು ಯಾರಾದರೂ ಹೊದಿಕೆ ಸರಿಸಲೇಬೇಕು.

ಮ್ಯಾನೇಜರ್ ಜೊತೆ ಒಂದು ಗಂಟೆ ಮಾತಾಡಿದೆವು. ಹುಡುಗಿಯ ಹೆಸರು ಎತ್ತಬಾರದು ಅಂತ ಸಿಸ್ಟರ್ ಮೊದಲೇ ಹೇಳಿದ್ದರು, ಎತ್ತಲಿಲ್ಲ. ರಾತ್ರಿ ಇನ್ನೊಬ್ಬರನ್ನು ಹಾಕುತ್ತೇವೆ, ಹದಿನೈದು ದಿನಕ್ಕೊಮ್ಮೆ ತೂಕ ನೋಡುತ್ತೇವೆ, ಎಚ್ಚರವಿರುವ ಹೊತ್ತಲ್ಲಿ ಎರಡು ಗಂಟೆಗೊಮ್ಮೆ ಎಬ್ಬಿಸಿ ಬಾತ್‌ರೂಮಿಗೆ ಕರೆದೊಯ್ಯುತ್ತೇವೆ, ರಾತ್ರಿಗೆ ಮುದ್ದೆ ಮಾಡಿಸುತ್ತೇವೆ ಅಂದರು. ಎಲ್ಲವನ್ನೂ ಬರೆಸಿ ಸಹಿ ಹಾಕಿಸಿಕೊಂಡೆ. ಚಾರ್ಟ್ ಖಾಲಿಯಿದ್ದರೆ ಬೈಯಬೇಡಿ, ಖಾಲಿಯಿದ್ದದ್ದು ಖಾಲಿಯೇ ಇರಲಿ, ಆಗ ನಮಗೆ ನಿಜ ಗೊತ್ತಾಗುತ್ತದೆ ಅಂತ ಕೇಳಿಕೊಂಡೆ. ಹದಿನೈದು ದಿನ ನೋಡುತ್ತೇನೆ. ಸರಿಹೋಗದಿದ್ದರೆ ರಜೆ ಹಾಕಿ ಮನೆಗೇ ಕರೆತರುತ್ತೇನೆ, ನೆಲಮಹಡಿಯ ಮನೆಯೊಂದನ್ನು ಹುಡುಕುತ್ತೇನೆ.

ಹೊರಡುವ ಮುಂಚೆ ಹೊಸ ನೀರು ತಂದು ಲೋಟವನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟೆ. "ಕುಡಿ ದೊಡ್ಡವ್ವ, ನಾನಿದ್ದೀನಿ" ಅಂದೆ. ಪೂರ್ತಿ ಲೋಟ ಒಂದೇ ಉಸಿರಿಗೆ ಕುಡಿದಳು. ಅಷ್ಟು ಬಾಯಾರಿತ್ತು ಅವಳಿಗೆ. ಅರ್ಧ ಗಂಟೆ ಬಿಟ್ಟು ಬಾತ್‌ರೂಮಿಗೆ ಹೋಗಬೇಕು ಅಂದಳು. ವಾಕರ್ ಮೇಲಿನ ಟವೆಲ್ ತೆಗೆದು, ಒಂದು ಕಡೆ ಆ ಹುಡುಗಿ, ಇನ್ನೊಂದು ಕಡೆ ನಾನು ನಿಂತೆವು. ಹನ್ನೊಂದು ಹೆಜ್ಜೆ. ನಡುವೆ ಎರಡು ಸಲ ನಿಂತು ಸುಧಾರಿಸಿಕೊಂಡಳು. ಹೊರಗೆ ಬಂದಾಗ ಕತ್ತಲಾಗಿತ್ತು, ಎದುರು ಮನೆಯವರು ಕಾರ್ತಿಕದ ದೀಪ ಹಚ್ಚಿಟ್ಟಿದ್ದರು.

ಈಗ ತಾನೇ ಆ ಹುಡುಗಿ ಚಾರ್ಟಿನ ಫೋಟೋ ಕಳಿಸಿದ್ದಾಳೆ, ನಾನು ಕೇಳಿರಲಿಲ್ಲ. ಆರರ 'ಎಡ'ವನ್ನು ಹೊಡೆದುಹಾಕಿ ಪಕ್ಕದಲ್ಲಿ 'ಬಲ' ಅಂತ ಬರೆದಿದ್ದಾಳೆ. ಎಂಟಕ್ಕೆ 'ಎಡ'. ಹತ್ತರ ಮನೆ ಖಾಲಿ. ನಾನು ಗಡಿಯಾರ ನೋಡಿದೆ, ಒಂಬತ್ತೂ ಮುಕ್ಕಾಲು.