ಸ್ಕೋಪ್ ಬೈಯುವ ಮೊದಲು ಮೌಂಟ್ ನೋಡಿ

ನಾನು ಬೆಂಗಳೂರಿನ ಒಂದು ಏರ್ ರೈಫಲ್ ಅಂಗಡಿಯ ಸರ್ವೀಸ್ ಬೆಂಚಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕೌಂಟರಿನಲ್ಲಿ ಸ್ಕೋಪ್ (ಗನ್ ಮೇಲೆ ಕೂರಿಸುವ ಗುರಿ ದುರ್ಬೀನು) ಮಾರುವ ರೀತಿ ನೋಡಿದರೆ ಸಂಕಟ ಆಗುತ್ತದೆ. ಗಿರಾಕಿ ಅದನ್ನು ಕಣ್ಣಿಗಿಟ್ಟು ರಸ್ತೆಯಾಚೆಯ ಬೋರ್ಡ್ ಓದುತ್ತಾರೆ, ‘ಸಖತ್ ಕ್ಲಿಯರ್’ ಅನ್ನುತ್ತಾರೆ, ಬಿಲ್ ಆಗುತ್ತದೆ. ಹಗಲು ಬೆಳಕಿನಲ್ಲಿ ಸಾಧಾರಣ ಗ್ಲಾಸೂ ಚೆನ್ನಾಗೇ ಕಾಣುತ್ತದೆ. ಅದು ಝೀರೋ (ಗುರಿಯಿಟ್ಟಲ್ಲೇ ಪೆಲೆಟ್ ಬೀಳುವ ಹೊಂದಾಣಿಕೆ) ಹಿಡಿದು ನಿಲ್ಲುತ್ತದಾ, ಗುಂಡಿಯ ಕ್ಲಿಕ್ ತಿರುಗಿಸಿದಷ್ಟೇ ಗುರಿ ಸರಿಯುತ್ತದಾ ಅನ್ನುವುದು ಬೋರ್ಡ್ ಓದಿದರೆ ಗೊತ್ತಾಗುವುದಿಲ್ಲ.

ಮೊನ್ನೆ ಮಲೆನಾಡಿನ ಕಡೆಯವರೊಬ್ಬರು ಮಗಳ ಜೊತೆ ಬಂದರು. ಅವರದ್ದು ಲೈಸೆನ್ಸ್ ಬೇಡದ, 20 ಜೂಲ್ ಶಕ್ತಿಯೊಳಗಿನ .177 ಇಂಚಿನ ಸ್ಪ್ರಿಂಗರ್ (ಸ್ಪ್ರಿಂಗ್ ತಳ್ಳುವ ಪಿಸ್ಟನ್ ಗಾಳಿ ಒತ್ತಿ ಪೆಲೆಟ್ ಹಾರಿಸುವ ಗನ್). ಮೊದಲ ಸ್ಕೋಪ್ ಕೆಟ್ಟಿದೆ ಅಂತ ನಮ್ಮವರೇ ಎಕ್ಸ್‌ಚೇಂಜ್‌ಗೆ ತಗೊಂಡು ದುಬಾರಿಯದೊಂದನ್ನು ಕೊಟ್ಟಿದ್ದರು.

‘ಎರಡನೇ ಸಲ ದುಡ್ಡು ಹಾಕಿದೀನಿ. ಇನ್ನೂ ಪೆಲೆಟ್ ಒಂದ್ಕಡೆ ಬೀಳ್ತಿಲ್ಲ ಅಂದ್ರೆ ಹೇಗೆ?’ ಅಂದರು. ಓನರ್ ನನ್ನ ಕಡೆ ತಿರುಗಿ, ‘ಇದಕ್ಕಿಂತ ಮೇಲಿನ ಮಾಡೆಲ್ ತೋರ್ಸಪ್ಪಾ’ ಅಂದರು. ನಾನು ತೋರಿಸಲಿಲ್ಲ. ರೈಫಲನ್ನು ಬೆಂಚಿಗೆ ತಗೊಂಡೆ.

ಸ್ಕೋಪ್ ಬಿಚ್ಚಿ ನಮ್ಮ ಪಿಸಿಪಿ (ತುಂಬಿಟ್ಟ ಒತ್ತಡದ ಗಾಳಿಯಲ್ಲಿ ಹೊಡೆಯುವ, ಒದೆತ ಕಡಿಮೆ ಇರುವ ಗನ್) ಮೇಲೆ, ಆ ಪಿಸಿಪಿಯದೇ ಮೌಂಟಿನಲ್ಲಿ (ಸ್ಕೋಪನ್ನು ಗನ್ನಿಗೆ ಹಿಡಿದಿಡುವ ಕ್ಲಾಂಪ್) ಕೂರಿಸಿದೆ. ಪ್ಯಾರಲಾಕ್ಸ್, ಅಂದರೆ ರಿಟಿಕಲ್ (ಒಳಗಿನ ಗುರಿಗೆರೆ) ಟಾರ್ಗೆಟ್ ಮೇಲೆ ಅಲುಗದೆ ನಿಲ್ಲುವ ದೂರ, 100 ಗಜಕ್ಕೆ ಫಿಕ್ಸ್ ಆದ ಸ್ಕೋಪ್ ಅದು. ನಮ್ಮ 10 ಮೀಟರ್ ಲೇನಿನಲ್ಲಿ ಟಾರ್ಗೆಟ್ ಮಸುಕು. ತಲೆ ಸ್ವಲ್ಪ ಅಲ್ಲಾಡಿಸಿದರೂ ರಿಟಿಕಲ್ ಟಾರ್ಗೆಟ್ ಮೇಲೆ ಈಜುತ್ತಿತ್ತು. ಕೆನ್ನೆ ಒಂದೇ ಕಡೆ ಒತ್ತಿ ಹೊಡೆದೆ. ಮೊದಲೊಂದು ಪೆಲೆಟ್, ಆಮೇಲೆ ಬಲಕ್ಕೆ 40 ಕ್ಲಿಕ್, ಮೇಲಕ್ಕೆ 40, ಎಡಕ್ಕೆ 40, ಕೆಳಕ್ಕೆ 40, ಪ್ರತಿ ಸಲ ಒಂದೊಂದು ಪೆಲೆಟ್. ಸ್ಕೋಪ್ ಸರಿಯಿದ್ದರೆ ತೂತುಗಳು ಚೌಕ ಆಗಬೇಕು. ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಭಾಗ) ಕ್ಲಿಕ್ ಅಂದರೆ 10 ಮೀಟರಿಗೆ ಸುಮಾರು 0.7 ಮಿಲಿಮೀಟರ್. 40 ಕ್ಲಿಕ್ಕಿಗೆ ಮೂರು ಸೆಂಟಿಮೀಟರ್ ಹತ್ತಿರ ಬರಬೇಕು. ಹುಡುಗಿಯ ಅಪ್ಪ ಕೈಕಟ್ಟಿ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಚೌಕ ಸರಿಯಾಗಿ ಬಂತು. ಕೊನೆಯ ಪೆಲೆಟ್ ಮೊದಲನೆಯ ತೂತಿಗೇ ಹೋಯಿತು.

‘ಹಾಗಾದ್ರೆ ಗನ್ನೇ ಹೋಗಿದೆ’ ಅಂದರು ಓನರ್. ಗಿರಾಕಿಯ ರೈಫಲನ್ನೇ ಓಪನ್ ಸೈಟಿನಲ್ಲಿ (ಸ್ಕೋಪ್ ಇಲ್ಲದೆ, ಗನ್ನಿನದೇ ಗುರಿಯಲ್ಲಿ) ಹೊಡೆದೆ. ಗ್ರೂಪ್ ಚೆನ್ನಾಗಿಯೇ ಇತ್ತು, ಪೆಲೆಟ್‌ಗಳೆಲ್ಲ ಹತ್ತಿರ ಹತ್ತಿರವೇ ಬಿದ್ದವು. ಇನ್ನು ಉಳಿದಿದ್ದು ಮೌಂಟ್ ಒಂದೇ, ಅಲ್ವಾ?

ಡವ್‌ಟೇಲ್ (ಮೌಂಟ್ ಕಚ್ಚಿ ಕೂರುವ, ಗನ್ ಮೇಲಿನ ಹಳಿ) ಮೇಲೆ ಲೈಟ್ ಬಿಟ್ಟೆ. ಮೌಂಟ್ ಕೂತಿದ್ದ ಜಾಗದ ಮುಂದೆ ಕಪ್ಪು ಬಣ್ಣ ಕಿತ್ತು ಎರಡು ಬೆಳ್ಳನೆ ಗೆರೆ, ನಾಲ್ಕೈದು ಮಿಲಿಮೀಟರ್ ಉದ್ದ. ಕ್ಲಾಂಪಿನ ಅಂಚು ಸವೆದು ಗುಂಡಗಾಗಿತ್ತು. ಮೌಂಟ್ ಜಾರದಂತೆ ತಡೆಯುವ ಸ್ಟಾಪ್ ಪಿನ್ ಕೂರಬೇಕಾದ ತೂತು ಖಾಲಿ. ಆ ಮೌಂಟಿಗೆ ಪಿನ್ನೇ ಇರಲಿಲ್ಲ.

ಸ್ಪ್ರಿಂಗರ್ ಒದೆಯುವುದು ಎರಡು ಸಲ. ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಗನ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ತುದಿಗೆ ಹೋಗಿ ನಿಂತ ತಕ್ಷಣ ಗನ್ ಮುಂದಕ್ಕೆ ಜಿಗಿಯುತ್ತದೆ. ಆಗ ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುತ್ತದೆ, ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ಹಿಂದಕ್ಕೆ ಜಾರುತ್ತದೆ. ದೊಡ್ಡ ರೈಫಲಿನ ಒದೆತ ತಡೆದುಕೊಳ್ಳುವ ಸ್ಕೋಪ್‌ಗಳೂ ಸ್ಪ್ರಿಂಗರ್ ಮೇಲೆ ಕೆಟ್ಟುಹೋಗುವುದು ಈ ಮುಂದಿನ ಒದೆತಕ್ಕೇ.

ಎಕ್ಸ್‌ಚೇಂಜ್ ಮಾಲಿನ ಡಬ್ಬದಲ್ಲಿ ಅವರ ಹಳೇ ಸ್ಕೋಪ್ ಇನ್ನೂ ಬಿದ್ದಿತ್ತು. ಸ್ಟಾಪ್ ಪಿನ್ ಇರುವ ಒನ್ ಪೀಸ್ ಮೌಂಟ್ ಹಾಕಿ, ಅದನ್ನೇ ಅವರ ರೈಫಲಿಗೆ ಕೂರಿಸಿದೆ. ಆ ಸ್ಕೋಪಿನಲ್ಲಿ ಎಒ (ದೂರಕ್ಕೆ ತಕ್ಕಂತೆ ಫೋಕಸ್ ಬದಲಿಸುವ ರಿಂಗ್) ಇತ್ತು, 10 ಗಜದವರೆಗೂ ಫೋಕಸ್ ಬರುತ್ತಿತ್ತು. ಒಂದು ಗಂಟೆ ಹೊಡೆದರೂ ಝೀರೋ ಅಲುಗಲಿಲ್ಲ. ಟಾರ್ಗೆಟ್ ಕಾಗದ ಕೈಗೆ ಕೊಟ್ಟಾಗ ಆ ಹುಡುಗಿ, ‘ಅಪ್ಪಾ, ಇದು ನಮ್ ಹಳೇ ಸ್ಕೋಪ್ ಅಲ್ವಾ?’ ಅಂದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ದುಬಾರಿ ಸ್ಕೋಪ್ ವಾಪಸ್ ತಗೊಂಡು ದುಡ್ಡು ಕೊಡಿ ಅಂತ ಓನರ್‌ಗೆ ಅವರ ಎದುರಿಗೇ ಹೇಳಿದೆ. ‘ಬಿಲ್ ಹಳೇದಾಯ್ತು’ ಅಂದರು. ಹಳೇದನ್ನು ಸುಮ್ನೆ ವಾಪಸ್ ಕೊಟ್ಟರು, ಅಷ್ಟೇ. ಇದು ನ್ಯಾಯ ಅಲ್ಲ. ಬೆಂಚಿಗೊಂದು ಟಾರ್ಕ್ ಡ್ರೈವರ್ (ಸ್ಕ್ರೂವನ್ನು ಬೇಕಾದಷ್ಟೇ ಬಿಗಿಯುವ ಡ್ರೈವರ್) ಕೊಡಿಸಿ ಅಂತ ಕೇಳುತ್ತಲೇ ಇದ್ದೇನೆ, ಅದೂ ಬಂದಿಲ್ಲ. ಶೋಕೇಸಿಗೆ ಮಾತ್ರ ಹೊಸ ಲೈಟು ಬಂದಿದೆ.

ಝೀರೋ ನಿಲ್ಲುತ್ತಿಲ್ಲ ಅಂತ ಅಂಗಡಿಗೆ ಹೋಗುವವರು ಸ್ಕೋಪ್ ಮಾತ್ರ ಬಿಚ್ಚಿ ತಗೊಂಡು ಹೋಗಬೇಡಿ. ಮೌಂಟ್, ಗನ್ ಎಲ್ಲ ಇದ್ದ ಹಾಗೇ ತಗೊಂಡು ಹೋಗಿ. ಅದಕ್ಕೂ ಮೊದಲು ಮನೆಯಲ್ಲೇ ಮೌಂಟಿನ ಮುಂದಿನ ಅಂಚಿಗೆ ತಾಗಿಸಿ ಡವ್‌ಟೇಲ್ ಮೇಲೆ ಬಿಳಿ ಗೆರೆ ಎಳೆಯಿರಿ. ನೂರು ಹೊಡೆತ ಆದ ಮೇಲೆ ಗೆರೆಗೂ ಮೌಂಟಿಗೂ ನಡುವೆ ಜಾಗ ಕಂಡರೆ, ಮೊದಲು ಮೌಂಟ್ ಬದಲಿಸಿ.