ಲಕ್ಕುಂಡಿಯ ಒಗಟಿನ ಡಬ್ಬಿ: ಬಸ್ ಹತ್ತೋ ಮೊದಲು ಬಿಡಿಸ್ಕೊಂಡು ಹೋಗ್ರಿ

ಗುಡಿ ನೋಡಲು ಲಕ್ಕುಂಡಿಗೆ ಹೊರಟವರಿಗೆ ಇದು ಬೇಡ. ಜಿಪಿಎಸ್ ಅಂಕಿ ಹಿಡಿದು ಯಾರೋ ಬಚ್ಚಿಟ್ಟ ಡಬ್ಬಿ ಹುಡುಕುವ ಜಿಯೋಕ್ಯಾಶಿಂಗ್ ಹುಚ್ಚಿನವರು, ಅದರಲ್ಲೂ ನಕ್ಷೆಯಲ್ಲಿ ನೀಲಿ ಪ್ರಶ್ನೆ ಚಿಹ್ನೆ ಕಂಡು ಹುಬ್ಬಳ್ಳಿಯಿಂದ ಹೊರಡಬೇಕೆಂದಿರುವವರು ಓದಿ.

ಆ ಚಿಹ್ನೆ ಇರುವಲ್ಲಿ ಡಬ್ಬಿ ಇರುವುದಿಲ್ಲ. ಜತೆಗೆ ಬಂದ ಗೆಳೆಯ ಎಷ್ಟು ಹೇಳಿದರೂ ನಂಬದೆ, ಗದಗಿನಲ್ಲಿ ಆಟೋದವನಿಗೆ ನಕ್ಷೆ ತೋರಿಸಿ ನೇರ ಅಲ್ಲಿಗೇ ಬಿಡಿಸಿಕೊಂಡ. ಕಡಲೆ ಹೊಲದ ನಟ್ಟನಡುವೆ! ಹಿಂದಿನ ರಾತ್ರಿ ಮಳೆ ಬಿದ್ದು ಎರಿ ಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಕೀಳಲಾಗದು. ವಾಪಸ್ ಬಂದರೆ ಆಟೋದವ "ಕಾಯೋ ರೊಕ್ಕ ಬ್ಯಾರೆ ಆಗ್ತೈತ್ರಿ" ಅಂತ ಬಾಡಿಗೆ ದುಪ್ಪಟ್ಟು ಮಾಡಿದ. ಬಸ್ಸಿಗೇ ಹೋಗಿ. ಗದಗಿನಿಂದ ಹೊಸಪೇಟೆ ರಸ್ತೆಯಲ್ಲಿ ಹನ್ನೆರಡು ಕಿಲೋಮೀಟರ್ ಅಷ್ಟೇ.

ಈ ನೀಲಿ ಚಿಹ್ನೆಯ ಡಬ್ಬಿಗೆ ಮಿಸ್ಟರಿ ಕ್ಯಾಶ್ ಅನ್ನುತ್ತಾರೆ, ಇದರಲ್ಲಿ ನಕ್ಷೆಯ ಮೇಲೆ ಕಾಣುವ ಸ್ಥಾನ ಸುಳ್ಳು. ನಿಜವಾದ ಅಂಕಿ ಒಗಟಿನೊಳಗಿರುತ್ತದೆ. ಆದರೆ ಈ ಸುಳ್ಳಿಗೂ ಒಂದು ಮಿತಿ ಇದೆ: ಸಾಮಾನ್ಯವಾಗಿ ಡಬ್ಬಿ ಸುಮಾರು 3 ಕಿಲೋಮೀಟರ್ ಒಳಗೇ ಇರಬೇಕು. ಬಿಡಿಸುವವರಿಗೆ ಇದೇ ಹಿಡಿಕೆ. ಹುಬ್ಬಳ್ಳಿಯಿಂದ ಲಕ್ಕುಂಡಿವರೆಗೆ ಎಲ್ಲೇ ಡಬ್ಬಿ ಇದ್ದರೂ ಉತ್ತರ 15 ಡಿಗ್ರಿ, ಪೂರ್ವ 75 ಡಿಗ್ರಿ. ಮುಂದಿನ ನಿಮಿಷದ ಅಂಕಿಯೂ ನಕ್ಷೆಯಲ್ಲಿ ಕಾಣುವುದಕ್ಕಿಂತ ಹೆಚ್ಚೆಂದರೆ ಒಂದೆರಡು ಆಚೀಚೆ. ಅಂದರೆ ಅರ್ಧ ಉತ್ತರ ಮೊದಲೇ ಕೈಯಲ್ಲಿದೆ. ಅದನ್ನಿಟ್ಟುಕೊಂಡು ಹಿಂದಿನಿಂದ ಒಗಟು ಬಿಚ್ಚಿ.

ನಮಗೆ ಸಿಕ್ಕಿದ್ದು ಬರೀ ಪದಗಳ ಸಾಲು. ಮೊದಲೆರಡು "ಮಾಯಾ, ಮಾಸ". ಅಕ್ಷರ ಎಣಿಸಿದೆವು, ಕೂಡಿಸಿದೆವು, ಏನೂ ಬರಲಿಲ್ಲ. ಕೊನೆಗೆ ಆಫೀಸಿನ ಮೈಸೂರು ಕಡೆಯವರೊಬ್ಬರು ಚಹಾ ಕುಡಿಯುತ್ತಲೇ ಹೇಳಿಬಿಟ್ಟರು: "ಮಾಯಾಮಾಳವಗೌಳ ಹದಿನೈದನೇ ಮೇಳ ಕಣ್ರೀ, ಇದು ಕಟಪಯಾದಿ." ಅಕ್ಷರಕ್ಕೊಂದು ಅಂಕಿ ಕೊಡುವ ಹಳೇ ಪದ್ಧತಿಯಂತೆ. ಕರ್ನಾಟಕ ಸಂಗೀತದ ಮೇಳ ರಾಗಗಳ ಹೆಸರಿನ ಮೊದಲೆರಡು ಅಕ್ಷರದಲ್ಲೇ ಅವುಗಳ ಸಂಖ್ಯೆ ಅಡಗಿರುತ್ತದೆ. ಹಿಂದೂಸ್ತಾನಿ ಕೇಳಿ ಬೆಳೆದ ಧಾರವಾಡದ ಕಿವಿಗೆ ಅದು ಹೊಳೆಯುವುದಾದರೂ ಹೇಗೆ! ಕ, ಟ, ಪ, ಯ ನಾಲ್ಕೂ 1. ಅಲ್ಲಿಂದ ಮುಂದೆ ಒಂದೊಂದೇ ಏರುತ್ತ ಹೋಗುತ್ತದೆ. ಮ 5, ಯ 1. ಬಂದ ಅಂಕಿಯನ್ನು ತಿರುಗಿಸಿ ಓದಬೇಕು: 15. ಸ 7, ಹಾಗಾಗಿ "ಮಾಸ" 75. ಉಳಿದ ಪದಗಳು ನಿಮ್ಮ ಪಾಲಿಗೆ, ನಾನು ಹೇಳುವುದಿಲ್ಲ.

ಉತ್ತರ ಬಂದ ಮೇಲೆ ಆ ಡಬ್ಬಿಯ ವೆಬ್ ಪುಟದಲ್ಲಿ ಪರೀಕ್ಷಿಸುವ ಕೊಂಡಿ ಇದ್ದರೆ ಅಲ್ಲಿ ಹಾಕಿ ನೋಡಿ. ಒಂದು ಪದ ಅನುಮಾನವಿದ್ದರೆ ಅದು ಎಷ್ಟನೇ ಅಂಕಿ ಅಂತ ನೋಡಿ. ನಿಮಿಷದ ಚುಕ್ಕಿಯ ನಂತರದ ಮೂರನೇ ಅಂಕಿ ಒಂದು ತಪ್ಪಿದರೆ ಎರಡು ಮೀಟರ್ ಕೂಡ ಇಲ್ಲ, ಧೈರ್ಯವಾಗಿ ಹೋಗಿ. ಮೊದಲನೆಯದು ತಪ್ಪಿದರೆ 185 ಮೀಟರ್. ಮನೆಯಲ್ಲೇ ಕೂತು ಮತ್ತೆ ಬಿಡಿಸಿ. ಫೋನಿನ ನಕ್ಷೆಗೆ ಹಾಕುವಾಗ 15 ಡಿಗ್ರಿ 23.3 ನಿಮಿಷವನ್ನು (60ರಿಂದ ಭಾಗಿಸಿದರೆ 15.388) 15.233 ಅಂತ ಬಡಿದರೆ ಹದಿನೇಳು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ನಿಲ್ಲುತ್ತೀರಿ.

ಗದಗಿನಲ್ಲಿ ರೂಮ್ ಮಾಡಬೇಡಿ. ನಾವು ತೆಗೆದುಕೊಂಡ ರೂಮಿನಲ್ಲಿ ನಲ್ಲಿಯ ನೀರು ಬೆಳಗ್ಗೆ ಒಂದು ತಾಸು ಮಾತ್ರ, ಬಾಡಿಗೆ ಮಾತ್ರ ಇಡೀ ದಿನದ್ದು. ಆದರೆ ಅಲ್ಲಿನ ಓಣಿಯೊಳಗಿನ ಖಾನಾವಳಿಯೊಂದರ ಊಟಕ್ಕೆ ಇನ್ನೊಮ್ಮೆ ಹೋಗುತ್ತೇನೆ. ಹೆಂಚಿನಿಂದ ನೇರ ತಾಟಿಗೆ ಬರುವ ಬಿಸಿ ರೊಟ್ಟಿ, ಎಣ್ಣೆ ಒಸರುವ ಬದನೆಕಾಯಿ, ಝುಣಕ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಬಡಿಸುವ ಅಕ್ಕಾರು "ಇನ್ನೊಂದ್ ರೊಟ್ಟಿ ಹಾಕಿಸ್ಕೋರಿ, ಅದಕ್ಕ ರೊಕ್ಕ ಇಲ್ಲ" ಅಂದರು. ಆಟೋ ಸಿಟ್ಟು ಅಲ್ಲೇ ಇಳಿಯಿತು.

ಲಕ್ಕುಂಡಿಯಲ್ಲಿ ಕಲ್ಲಿನ ಸಂದಿಗೆ ಕೈ ಹಾಕುವ ಮುಂಚೆ ಯೋಚಿಸಿ. ಹಳೇ ಗುಡಿಗಳ ಊರಿನಲ್ಲಿ ಹಾಗೆ ತಡಕಾಡಿದರೆ ನಿಧಿಗಳ್ಳರೆಂದೇ ಲೆಕ್ಕ. "ಏನ್ ಕಳಕೊಂಡೀರ್ಯೋ ತಮ್ಮಾ?" ಅಂತ ಒಬ್ಬ ಅಜ್ಜ ಕೇಳಿದಾಗ ಫೋನ್ ತೋರಿಸಿ ಆಟ ವಿವರಿಸಿದೆವು, ನಕ್ಕು ಕಟ್ಟೆಯ ಮೇಲೆ ಕೂತು ನೋಡಿದ. ಡಬ್ಬಿಗಾಗಿ ಎಲ್ಲೂ ನೆಲ ಅಗೆಯಬೇಡಿ, ಜಾಗದವರ ಅನುಮತಿ ಇಲ್ಲದೆ ಅಗೆದು ಹೂಳುವುದು ಈ ಆಟದಲ್ಲಿ ನಿಷಿದ್ಧ. ನಿಮ್ಮ ಉತ್ತರ ಕಾಶಿವಿಶ್ವೇಶ್ವರ ಗುಡಿಯ ಗೋಡೆಗೋ ಮುಸುಕಿನ ಬಾವಿಯ ಮೆಟ್ಟಿಲಿಗೋ ಬಂದರೆ ಕಲ್ಲು ಮುಟ್ಟದೆ ಲೆಕ್ಕ ಮತ್ತೆ ಮಾಡಿ. ಪೆನ್ ಒಯ್ಯಿರಿ, ಡಬ್ಬಿಯೊಳಗೆ ಹೆಸರು ಬರೆಯುವ ಚೀಟಿ ಮಾತ್ರ ಇದೆ.